ಇದು ನನ್ನ ಚಾವಣಿ ಅಲ್ಲ

"ಇದು ಉಣ್ಣೆ ಅಲ್ಲ ಪುಟ್ಟಿ. ಗಾರೆ."

ಏಣಿಯ ಒಂಬತ್ತನೇ ಮೆಟ್ಟಿಲ ಮೇಲೆ ನಿಂತಿದ್ದ ಅಪ್ಪ ಹೆಬ್ಬೆರಳ ಉಗುರಿನಿಂದ ಚಾವಣಿಯನ್ನು ಇನ್ನೊಮ್ಮೆ ಕೆರೆದರು. ಬಿಳಿ ಪುಡಿ ಉದುರಿ, ಕೆಳಗೆ ಏಣಿ ಹಿಡಿದು ನಿಂತಿದ್ದ ಇನ್ಸ್‌ಪೆಕ್ಟರಮ್ಮನ ಟೋಪಿಯ ಮೇಲೆ ಬಿತ್ತು.

"ಸರಿಯಾಗಿ ನೋಡಪ್ಪ."

"ನಲವತ್ತು ವರ್ಷ ಮರ, ಗಾರೆ ಅಂತ ಬದುಕಿದವನಿಗೆ ಸರಿಯಾಗಿ ನೋಡು ಅಂತೀಯಲ್ಲ! ಹಸಿ ಇರುವಾಗಲೇ ಒರಟು ಬ್ರಷ್ ಎಳೆದು ಎಳೆ ಎಳೆ ಮಾಡಿದಾನೆ. ಕೆಳಗಿಂದ ನೋಡಿದ್ರೆ ಕಂಬಳಿ, ಮುಟ್ಟಿದ್ರೆ ಕಲ್ಲು. ಮಾಡಿದವನ ಕೈಗೆ ಮಾತ್ರ ಶಭಾಷ್ ಅನ್ನಬೇಕು ಕಣೆ."

ಇನ್ಸ್‌ಪೆಕ್ಟರಮ್ಮ ರಿಸೆಪ್ಶನ್ ಮೇಜಿನ ಮೇಲೆ ಹರವಿದ್ದ ನಕ್ಷೆಯತ್ತ ತಿರುಗಿದಳು. ಅದರಲ್ಲಿ ಚಾವಣಿಯ ಕಮಾನಿನುದ್ದಕ್ಕೂ ಒಂದೇ ಮಾತು ಬರೆದಿತ್ತು: ಉಣ್ಣೆ ಒತ್ತಿ ಮಾಡಿದ ಫೆಲ್ಟ್ ಹಾಸು, ಒಂದೂವರೆ ಅಂಗುಲ ದಪ್ಪ. ನಕ್ಷೆಯ ಮೂಲೆಯಲ್ಲಿ ಹಸಿರು ಶಾಯಿಯಲ್ಲಿ, ಅವಸರದ ಅಕ್ಷರದಲ್ಲಿ, ಇನ್ನೊಂದು ಸಾಲು.

'ಇದು ನನ್ನ ಚಾವಣಿ ಅಲ್ಲ.'

ಹನ್ನೆರಡು ದಿನದ ಹಿಂದೆ ಆ ಸಾಲು ಬರೆದವಳು ಅದೇ ಸಂಜೆ, ಅದೇ ಕೋಣೆಯ ಬಾಲ್ಕನಿ ಮೆಟ್ಟಿಲ ಬುಡದಲ್ಲಿ ಕತ್ತು ಮುರಿದು ಬಿದ್ದಿದ್ದಳು.

ಕೆಲಸಗಾರರೆಲ್ಲ ಅವಳನ್ನು ಬಣ್ಣದಕ್ಕ ಅನ್ನುತ್ತಿದ್ದರು. ಹೆಗಲ ಚೀಲದಲ್ಲಿ ಯಾವಾಗಲೂ ಬಣ್ಣದ ಕಾರ್ಡುಗಳ ಕಟ್ಟು. ಕಂಪನಿಗಳ ರಿಸೆಪ್ಶನ್ ಕೋಣೆಗಳನ್ನು ರೂಪಿಸುವುದೇ ಅವಳ ಕಸುಬು. 'ಕಂಪನಿ ಬಾಯಲ್ಲಿ ಏನು ಹೇಳುತ್ತದೋ ಅದು ಬಾಗಿಲು ದಾಟಿದವರ ಮೈಗೆ ತಾಗಬೇಕು' ಎಂದು ಅವಳು ತನ್ನ ಮೊದಲ ಪತ್ರದಲ್ಲೇ ಬರೆದಿದ್ದಳು.

ಬರೆದ ಹಾಗೆ ಮಾಡಿಯೂ ಇದ್ದಳು. ಆ ಕಂಪನಿ ತಯಾರಿಸುತ್ತಿದ್ದದ್ದು ಶ್ರವಣಯಂತ್ರ, ಕಿವಿ ಕೇಳದವರು ಹಾಕಿಕೊಳ್ಳುವ ಮಿಷನ್ನು. ಒಳಗೆ ಕಾಲಿಟ್ಟರೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಶಂಖದ ಒಳಮೈ ಬಣ್ಣದ ಗೋಡೆ. ಕಿವಿಯ ಹಾಲೆಯಂತೆ ಬಾಗಿದ ಉದ್ದನೆಯ ಸೋಫಾ. ಹೆಜ್ಜೆ ಸದ್ದನ್ನು ನುಂಗುವ ನೆಲಹಾಸು. ಮೇಜಿನ ಮೇಲಿನ ಫೋನು ಕೂಗುತ್ತಿರಲಿಲ್ಲ, ಅದರ ಪಕ್ಕ ಒಂದು ಪುಟ್ಟ ದೀಪ ಮಿನುಗುತ್ತಿತ್ತು. ಸೋಫಾದ ನೆತ್ತಿಯಿಂದ ಹೊರಟ ಚಾವಣಿ ಚಿಪ್ಪಿನಂತೆ ಕಮಾನಾಗಿ, ನಲವತ್ತು ಅಡಿ ಆಚೆಗಿದ್ದ ಒಳಬಾಲ್ಕನಿಯ ತಲೆಯ ಮೇಲೆ ಇಳಿಯುತ್ತಿತ್ತು.

ಮೇಜಿನ ಹಿಂದಿನ ಗೋಡೆಯ ತುಂಬ ಒಂದೇ ಒಂದು ಹಳೆಯ ಫೋಟೊ. ಇಪ್ಪತ್ತೈದರ ಒಬ್ಬ ಹೆಂಗಸು, ಕಿವಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ, ಕಣ್ಣಲ್ಲಿ ನೀರು. ಕೆಳಗೆ ಹಿತ್ತಾಳೆ ಅಕ್ಷರ: ಪಿಸುಮಾತೂ ಕೇಳಿಸಲಿ.

ಆ ಹೆಂಗಸು ಮಾಲೀಕರ ಹೆಂಡತಿ. ಕಿವುಡಿಯಾದ ಹೆಂಡತಿಗಾಗಿ ಗಂಡ ಕೈಯಾರೆ ಮಾಡಿದ ಯಂತ್ರದಿಂದಲೇ ಕಂಪನಿ ಹುಟ್ಟಿತು ಎಂಬ ಕತೆ ಪ್ರತಿ ಡಬ್ಬಿಯ ಮೇಲೂ ಅಚ್ಚಾಗಿರುತ್ತಿತ್ತು. ಜನ ಯಂತ್ರದ ಜೊತೆ ಆ ಕತೆಯನ್ನೂ ಕೊಂಡು ಹೋಗುತ್ತಿದ್ದರು.

ಈಗ ಅರವತ್ತರ ಹತ್ತಿರದ ಅಮ್ಮಾವ್ರು ಬೆಳಗಿನಿಂದ ಮೇಲಿನ ಬಾಲ್ಕನಿಯಲ್ಲಿ ತಮ್ಮ ಎಂದಿನ ಕುರ್ಚಿಯಲ್ಲಿ ಕಸೂತಿ ಹಾಕುತ್ತ ಕೂತಿದ್ದರು. ಬಣ್ಣದಕ್ಕ ಸತ್ತ ಸಂಜೆಯೂ ಅಲ್ಲೇ ಕೂತಿದ್ದರು. ಹಾಗಂತ ಅವರೇ ಬರೆದುಕೊಟ್ಟಿದ್ದರು: 'ನನ್ನ ಯಂತ್ರ ಎಲ್ಲೋ ಬಿದ್ದುಹೋಗಿತ್ತು. ಬೆನ್ನು ಹಾಕಿ ಕೂತಿದ್ದೆ. ಏನೂ ಕೇಳಿಸಲಿಲ್ಲ.'

ಯಂತ್ರ ಸಿಕ್ಕಿದ್ದು ಮೆಟ್ಟಿಲ ಮೇಲೆ, ಹೆಣಕ್ಕಿಂತ ಎರಡು ಮೆಟ್ಟಿಲು ಮೇಲೆ. ಅದನ್ನು ಎತ್ತಿಕೊಳ್ಳಲು ಬಗ್ಗಿದ ಬಣ್ಣದಕ್ಕ ಜಾರಿ ಬಿದ್ದಳು ಎಂದು ಎಲ್ಲರೂ ನಂಬಿದ್ದರು. ಅಂದಿನಿಂದ ಆ ಯಂತ್ರ ಮೊಹರು ಹಾಕಿದ ಲಕೋಟೆಯಲ್ಲಿ ಠಾಣೆಯ ಬೀರುವಿನೊಳಗಿತ್ತು. ಗಂಡ ಮಾಡಿಕೊಟ್ಟದ್ದು ಬಿಟ್ಟು ಬೇರೆಯದನ್ನು ಕಿವಿಗೆ ಹಾಕುವುದಿಲ್ಲ ಎಂದು ಅಮ್ಮಾವ್ರು ಹಟ ಹಿಡಿದಿದ್ದರು. ಹಾಗಾಗಿ ಹನ್ನೆರಡು ದಿನದಿಂದ ಅವರೊಡನೆ ಮಾತೆಲ್ಲ ಚೀಟಿಯಲ್ಲೇ.

ಇನ್ಸ್‌ಪೆಕ್ಟರಮ್ಮ ತಲೆ ಎತ್ತಿ ನೋಡಿದಳು. ಅಮ್ಮಾವ್ರು ಸೂಜಿ ನಿಲ್ಲಿಸಿ ಮುಗುಳ್ನಕ್ಕರು.

"ಇಳಿ ಅಪ್ಪ, ಸಾಕು. ಬಿದ್ದುಗಿದ್ದೀಯ."

ಅಪ್ಪ ಒಂದೊಂದೇ ಮೆಟ್ಟಿಲು ಇಳಿದು ಬಂದು ಸೋಫಾದ ಮೇಲೆ ಉಸ್ಸೆಂದು ಕುಸಿದರು. ಮಂಡಿ ನೀವಿಕೊಂಡರು.

"ಈ ಮಂಡಿ ಇದೆಯಲ್ಲ, ಇದನ್ನು ಬಿಚ್ಚಿ ಹೊಸ ಕೀಲು ಹಾಕಬೇಕು. ಬಾಗಿಲಾಗಿದ್ರೆ ನಾನೇ ಹಾಕ್ಕೊತಿದ್ದೆ."

"ಇಲಾಖೆಯ ತಜ್ಞರನ್ನ ಕೇಳಿದ್ರೆ ಹದಿನೈದು ದಿನ ಅಂತಾರೆ. ನಿನಗಾದ್ರೆ ಒಂದು ಲೋಟ ಕಾಫಿ ಸಾಕು."

"ಆ ಕಾಫಿನೂ ಇನ್ನೂ ಬಂದಿಲ್ಲ."

ಅವಳು ನಗುತ್ತ ಪಕ್ಕದಲ್ಲಿ ಕೂತಳು. ಕೋಣೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಅವಳಿಗೇ ಗೊತ್ತಿಲ್ಲದೆ ದನಿ ತಗ್ಗಿತು.

"ಉಣ್ಣೆ ಬದಲು ಗಾರೆ ಹಾಕಿದ್ರೆ ಏನಾಗುತ್ತಪ್ಪ?"

"ಉಣ್ಣೆ ಸದ್ದು ತಿನ್ನುತ್ತೆ. ಗಾರೆ ಸದ್ದು ಎಸೆಯುತ್ತೆ. ಕಿವಿ ಕೇಳದವರು ಬರೋ ಜಾಗದಲ್ಲಿ ಸದ್ದು ಅಲ್ಲಿ ಇಲ್ಲಿ ಬಡಿದ್ರೆ ಆ ಮಿಷನ್ ಹಾಕ್ಕೊಂಡವರಿಗೆ ತಲೆ ಚಿಟ್ಟು ಹಿಡಿಯುತ್ತೆ. ಪಾಪ, ಆ ಹುಡುಗಿ ಯೋಚನೆ ಮಾಡೇ ಉಣ್ಣೆ ಬರೆದಿದಾಳೆ. ಬದಲಾಯಿಸಿದ್ದು ಯಾರು?"

"ಅದನ್ನ ಹೇಳೋನು ಸಿಕ್ಕಿದಾನೆ." ಅವಳು ಇನ್ನೂ ಮೆತ್ತಗೆ, ಅಪ್ಪನ ಕಿವಿಗಷ್ಟೇ ಮುಟ್ಟುವಂತೆ ಹೇಳಿದಳು. "ಆ ಗಾರೆಯವನು. ಬಸ್ ಡಿಪೋ ಹಿಂದೆ ಅವನ ಅಕ್ಕನ ಮನೆಯಲ್ಲಿ ಅಡಗಿ ಕೂತಿದಾನೆ. ಹನ್ನೆರಡು ಗಂಟೆಗೆ ಠಾಣೆಗೆ ಬಂದು ಎಲ್ಲ ಹೇಳ್ತೀನಿ ಅಂದಿದಾನೆ. ಅವತ್ತು ಸಂಜೆ ಅವನೂ ಇಲ್ಲೇ ಇದ್ದ. ಸ್ಟೇಷನ್ನಲ್ಲೂ ಯಾರಿಗೂ ಹೇಳಿಲ್ಲ, ನಿನಗೆ ಮಾತ್ರ."

ಗೋಡೆ ಗಡಿಯಾರದಲ್ಲಿ ಹತ್ತು ಗಂಟೆ ಹತ್ತು ನಿಮಿಷ.

ಅಪ್ಪ ಸುಮ್ಮನೆ ಕೂರುವ ಆಸಾಮಿಯಲ್ಲ. ಹಿಂದಿನ ಗೋದಾಮಿಗೆ ಹೋಗಿ ಬರುವಾಗ ಕೈಯಲ್ಲಿ ಅಂಗೈ ಅಗಲದ ಬೂದು ಬಣ್ಣದ ಉಣ್ಣೆ ಹಾಸಿನ ತುಂಡೊಂದಿತ್ತು.

"ನಾಲ್ಕು ಸುರುಳಿ ಇದೆ ಪುಟ್ಟಿ. ಕಟ್ಟು ಕೂಡ ಬಿಚ್ಚಿಲ್ಲ, ಅಂಚಿಂದ ಇಷ್ಟು ಕೊಯ್ಕೊಂಡು ಬಂದೆ. ಬಂದ ತಾರೀಕು ಗಾರೆ ಹಾಕೋಕೂ ಒಂದು ವಾರ ಮುಂಚಿಂದು." ಅವರು ತುಂಡನ್ನು ಮಗಳ ಕೈಗಿಟ್ಟರು. "ಹಿಂದಿನ ಮೆಟ್ಟಿಲಿಂದ ಹತ್ತಿ ಚಾವಣಿಯ ಆ ಕೊನೆಯನ್ನೂ ನೋಡ್ಕೊಂಡು ಬರ್ತೀನಿ. ನೀನು ನಿನ್ನ ಕೆಲಸ ಮಾಡು."

ಅವರು ಅತ್ತ ಹೋದದ್ದೂ ಇತ್ತ ಗಾಜಿನ ಬಾಗಿಲು ತೆರೆದದ್ದೂ ಒಟ್ಟಿಗೇ.

ಬಂದವನು ಬಾಮೈದ. ಅಮ್ಮಾವ್ರ ಒಡಹುಟ್ಟಿದ ತಮ್ಮ. ಮಾಲೀಕರ ಹೆಂಡತಿಯ ತಮ್ಮನಾದ್ದರಿಂದ ಆಫೀಸಿನಲ್ಲಿ ಬೆನ್ನ ಹಿಂದೆ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದೇ ಹಾಗೆ. ಕಂಪನಿಯ ಜಾಹೀರಾತು, ಡಬ್ಬಿಯ ಮೇಲಿನ ಕತೆ, ಈ ಕೋಣೆ, ಎಲ್ಲವೂ ಅವನ ಉಸ್ತುವಾರಿ. ಮಾಲೀಕರು ತಿಂಗಳಿಂದ ಪರದೇಶದ ಆಸ್ಪತ್ರೆಯಲ್ಲಿದ್ದರು. ಹಾಗಾಗಿ ಈಗ ಮನೆಗೂ ಆಫೀಸಿಗೂ ಅವನೇ ಗಂಡು ದಿಕ್ಕು.

"ಕಾಯಿಸಿಬಿಟ್ಟೆನಾ ಮೇಡಂ? ಕೂತ್ಕೊಳ್ಳಿ, ಕೂತ್ಕೊಳ್ಳಿ. ನಿಧಾನವಾಗಿ ಮಾತಾಡೋಣ. ಇವತ್ತು ನನಗೆ ಬೇರೆ ಕೆಲಸ ಇಲ್ಲ."

ಕೆಲಸ ಇಲ್ಲ ಎಂದವನು ಕೂತ ಕೂಡಲೇ ಗಡಿಯಾರ ನೋಡಿದ.

"ಚಾವಣಿಗೆ ಗಾರೆ ಹಾಕಿಸಿದ್ದು ಯಾರು?" ಅವಳು ನೇರ ವಿಷಯಕ್ಕೆ ಬಂದಳು.

"ಗಾರೆನಾ?" ಅವನು ತಲೆ ಎತ್ತಿ ನೋಡಿ ಹುಬ್ಬೇರಿಸಿದ. "ಓ, ಅದಾ. ಉದ್ಘಾಟನೆ ದಿನ ಹತ್ತಿರ ಬಂದಿತ್ತು. ಫೆಲ್ಟ್ ಬರಲೇ ಇಲ್ಲ. ಕೊನೇ ಗಳಿಗೆಯಲ್ಲಿ ಏನೋ ಒಂದು ಮಾಡಬೇಕಾಯ್ತು. ನೋಡೋಕೆ ಒಂದೇ ಥರ ಇದೆ ತಾನೆ? ಬಂದವರಿಗೆ ಬೇಕಾಗಿರೋದು ಆ ಭಾವನೆ ಮೇಡಂ. ಮೆತ್ತಗೆ, ಬೆಚ್ಚಗೆ."

ಅವಳು ಬೂದು ತುಂಡನ್ನು ಅವನ ಮುಂದಿನ ಗಾಜಿನ ಟೀಪಾಯಿಯ ಮೇಲಿಟ್ಟಳು.

"ನಿಮ್ಮ ಗೋದಾಮಲ್ಲಿ ನಾಲ್ಕು ಸುರುಳಿ ಇದೆ. ಒಂದು ವಾರ ಮುಂಚೆನೇ ಬಂದಿದೆ."

ಬಾಮೈದ ತುಂಡನ್ನು ಮುಟ್ಟಲಿಲ್ಲ. ಕಾಲ ಮೇಲೆ ಹಾಕಿದ್ದ ಕಾಲು ಇಳಿಯಿತು.

"ಗೋದಾಮಿನ ಲೆಕ್ಕ ನನಗೆ ಬರಲ್ಲ."

"ಬಣ್ಣದಕ್ಕನಿಗೆ ಬರ್ತಿತ್ತು. ಅವತ್ತು ಮಧ್ಯಾಹ್ನ ಇಲ್ಲಿ ನಿಂತು ಅವಳು ನಿಮ್ಮ ಹತ್ರ ಜಗಳ ಆಡಿದ್ದನ್ನ ವಾಚ್‌ಮನ್ ಗಾಜಿನಾಚೆಯಿಂದ ನೋಡಿದಾನೆ. ಏನಂದಳು?"

"ಕಲಾವಿದರು ಮೇಡಂ, ಸಣ್ಣದಕ್ಕೆಲ್ಲ ಕೂಗಾಡ್ತಾರೆ. ಗಾರೆ ಒಡೆದು ಹಾಕಿ, ಇಲ್ಲಾಂದ್ರೆ ನನ್ನ ಹೆಸರು ತೆಗೆದು ಹಾಕಿ ಅಂದ್ಲು. ಸರಿ, ನಾಳೆ ನೋಡೋಣ ಅಂದೆ. ಅಷ್ಟೇ."

"ಅಷ್ಟೇನಾ?"

"ಇನ್ನೊಂದು ಮಾತು ಹೇಳಿದ್ಲು." ಅವನು ಕತ್ತಿನ ಪಟ್ಟಿ ಸಡಿಲಿಸಿಕೊಂಡ. "ನಿಮ್ಮ ಗೋಡೆ ಮೇಲಿನ ಕತೆನ ಒಂದು ಸಲ ಸರಿಯಾಗಿ ಓದಿ ಅಂತ. ನನಗೆ ಅರ್ಥ ಆಗಲಿಲ್ಲ. ಆ ಕತೆ ಬರೆಸಿದವನೇ ನಾನು, ನನಗೇ ಓದಿ ಅಂತಾಳಲ್ಲ ಅಂತ ಸಿಟ್ಟು ಬಂತು, ಎದ್ದು ಹೋದೆ. ನಾನು ಈ ಕಟ್ಟಡ ಬಿಟ್ಟ ಮೇಲೆ ಅವಳು ಬಿದ್ದಿದ್ದು. ನಿಮ್ಮ ಪುಸ್ತಕದಲ್ಲೇ ಬರೆದಿದೆ."

ಅದು ನಿಜ. ಅವನ ಕಾರು ಐದು ಗಂಟೆಗೆ ಗೇಟು ದಾಟಿತ್ತು. ಬಣ್ಣದಕ್ಕ ಬಿದ್ದದ್ದು ಆರರ ಸುಮಾರಿಗೆ.

"ಹಾಗಿದ್ರೆ ಗಾರೆ ಹಾಕು ಅಂತ ಹೇಳಿದವರು ಯಾರು?"

"ಯಾರಾದ್ರೂ ಹೇಳಿರ್ತಾರೆ. ನೋಡಿ ಮೇಡಂ, ಆ ಗಾರೆಯವನ ಮಾತು ಕಟ್ಕೊಂಡು ನಮ್ಮ ಮನೆತನದ ಮಾನ ಕಳೀಬೇಡಿ. ತಪ್ಪು ಮಾಡದವನು ಅಕ್ಕನ ಮನೆ ಸೇರಿ ಯಾಕೆ ಅಡಗಿ ಕೂರ್ತಾನೆ?"

ಇನ್ಸ್‌ಪೆಕ್ಟರಮ್ಮ ನೆಟ್ಟಗೆ ಕೂತಳು. ನಾಲಿಗೆ ಜಾರಿದ್ದು ಅವನಿಗೆ ಇನ್ನೂ ಗೊತ್ತಾಗಿರಲಿಲ್ಲ.

"ಯಾರ ಮನೆ ಅಂದ್ರಿ?"

"ಅವನ ಅಕ್ಕನ ಮನೆ. ಡಿಪೋ ಹತ್ತಿರ."

"ಅದು ನಿಮಗೆ ಹೇಗೆ ಗೊತ್ತು?"

"ಹೇಗೆ ಅಂದ್ರೆ..."

"ಆ ಮಾತನ್ನ ನಾನು ಹೇಳಿದ್ದು ಒಬ್ಬರಿಗೇ. ಇದೇ ಸೋಫಾದ ಮೇಲೆ, ಇದೇ ಬೆಳಿಗ್ಗೆ, ಪಿಸುದನಿಯಲ್ಲಿ. ನಿಮ್ಮ ಕಾರು ಗೇಟಿಗೆ ಬಂದಾಗ ಹತ್ತೂ ನಲವತ್ತು. ಫೋನ್ ಕೊಡಿ."

"ಅದೆಲ್ಲ ನನ್ನ ಖಾಸಗಿ..."

"ಕೊಡಿ."

ಅವಳು ದನಿ ಎತ್ತಲಿಲ್ಲ. ಅವನು ಕೊಟ್ಟ. ಪರದೆಯ ಮೇಲೆ ಕೊನೆಯ ಸಂದೇಶ ಇನ್ನೂ ತೆರೆದೇ ಇತ್ತು.

ಕಳಿಸಿದವರ ಹೆಸರಿದ್ದ ಕಡೆ 'ಅಕ್ಕ' ಎಂದಿತ್ತು. ಸಮಯ, ಹತ್ತು ಗಂಟೆ ಹದಿನಾಲ್ಕು ನಿಮಿಷ.

'ಗಾರೆಯವನು ಡಿಪೋ ಹಿಂದೆ ಅವನ ಅಕ್ಕನ ಮನೆಯಲ್ಲಿದ್ದಾನೆ. ಹನ್ನೆರಡಕ್ಕೆ ಠಾಣೆಗೆ ಹೋಗುತ್ತಾನಂತೆ. ಅವನನ್ನು ನಾನು ನೋಡಿಕೊಳ್ಳುತ್ತೇನೆ. ನೀನು ಬಂದು ಅವಳನ್ನು ಮಾತಲ್ಲಿ ಕೂರಿಸಿಕೋ.'

ಅವಳು ಎರಡು ಸಲ ಓದಿದಳು.

"ನಿಮ್ಮಕ್ಕನಿಗೆ ಇದನ್ನ ಯಾರು ಹೇಳಿದ್ರು?"

"ನನಗೇನು ಗೊತ್ತು? ಯಾರೋ ಚೀಟಿ ಬರೆದು ಕೊಟ್ಟಿರಬೇಕು. ಅವಳಿಗೆ ಕಿವಿ..."

"ಇಲ್ಲಿ ಇದ್ದದ್ದು ನಾನು, ನಮ್ಮಪ್ಪ. ನಾವು ಚೀಟಿ ಬರೆದಿಲ್ಲ. ಅವರ ಯಂತ್ರ ನನ್ನ ಬೀರುವಿನಲ್ಲಿದೆ. ಕೀಲಿ ನನ್ನ ಸೊಂಟದಲ್ಲಿದೆ."

ಬಾಮೈದ ನಿಧಾನವಾಗಿ ತಲೆ ಎತ್ತಿದ. ಸೋಫಾದ ನೆತ್ತಿಯಿಂದ ಬಾಲ್ಕನಿಯವರೆಗೆ ಹಾಯುವ ಆ ಕಮಾನನ್ನು ಮೊದಲ ಸಲ ಕಾಣುವವನಂತೆ ಕಣ್ಣಲ್ಲೇ ಹಿಂಬಾಲಿಸಿದ. ಅದು ಮುಗಿಯುವಲ್ಲಿ ಒಂದು ಕುರ್ಚಿ. ಕುರ್ಚಿಯ ಮೇಲೆ ಅರ್ಧ ಮುಗಿದ ಕಸೂತಿ ಬಟ್ಟೆ. ಕೂತವರು ಇರಲಿಲ್ಲ.

"ಗಾರೆ ಹಾಕಿಸು ಅಂದಿದ್ದು ಅಕ್ಕನೇ," ಎಂದ. "ಉಣ್ಣೆ ಧೂಳು ಹಿಡಿಯುತ್ತೆ, ನನಗೆ ಕೆಮ್ಮು ಬರುತ್ತೆ ಅಂದ್ಲು. ಗಾರೆಯವನನ್ನ ಗೊತ್ತು ಮಾಡಿದ್ದೂ ಅವಳೇ. ಭಾವ ಜೀವಮಾನ ಪೂರ್ತಿ ಸದ್ದಿನ ವಿದ್ಯೆನೇ ಓದಿದವರು, ಅವರ ಜೊತೆ ಬಾಳಿದವಳು, ಏನೋ ತಿಳಿದೇ ಹೇಳ್ತಾಳೆ ಅಂದ್ಕೊಂಡೆ."

"ಅವರಿಗೆ ಕೇಳಿಸುತ್ತೆ ಅಂತ ನಿಮಗೆ ಗೊತ್ತಿರಲಿಲ್ಲ?"

ಅವನು ಅಡ್ಡಡ್ಡ ತಲೆ ಆಡಿಸಿದ. ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಮೂವತ್ತೈದು ವರ್ಷ ಮೇಡಂ. ಊಟಕ್ಕೆ ಕೂತಾಗ ಅವಳು ಮಿಷನ್ ತೆಗೆದು ತಟ್ಟೆ ಪಕ್ಕ ಇಡ್ತಿದ್ಲು. ಅವಳ ಎದುರಿಗೇ ಅವಳ ಬಗ್ಗೆ ನಾವೆಲ್ಲ ಏನೇನು ಆಡಿಲ್ಲ? ಭಾವ ಏನು ಹೇಳ್ತಿದ್ರು, ನಾನು ಎಷ್ಟು ನಗ್ತಿದ್ದೆ... ಅವಳು ಅನ್ನ ಕಲಸ್ತಾ ನಮ್ಮ ಮುಖ ನೋಡಿ ನಗ್ತಿದ್ಲು."

ಇನ್ಸ್‌ಪೆಕ್ಟರಮ್ಮನಿಗೆ ಅವನ ಮೇಲೆ ಕನಿಕರ ಪಡಲು ಪುರುಸೊತ್ತಿರಲಿಲ್ಲ. ಬಣ್ಣದಕ್ಕ ಹೇಳಿದ್ದ ಮಾತಿನ ಅರ್ಥ ಈಗ ಹಗಲಿನಷ್ಟು ಸ್ಪಷ್ಟವಾಗಿತ್ತು. ಈ ಮನೆತನದ ಕತೆಯನ್ನು ಮೂರು ತಿಂಗಳು ಕೂತು ಕೇಳಿ, ಅದನ್ನೇ ಗೋಡೆ, ಸೋಫಾ, ಬಣ್ಣವಾಗಿ ಕಡೆದವಳಿಗೆ ಕೊನೆಯ ದಿನ ಆ ಕತೆಯೇ ಸುಳ್ಳೆಂದು ಗೊತ್ತಾಗಿತ್ತು. ಫೋಟೊದ ಕಣ್ಣೀರು ಸುಳ್ಳು. ಡಬ್ಬಿಯ ಮೇಲಿನ ಅಕ್ಷರ ಸುಳ್ಳು. ಅದು ಹೊರಗೆ ಬಿದ್ದ ದಿನ ಈ ಕಂಪನಿಯ ಯಂತ್ರವನ್ನು ಯಾರೂ ಕಿವಿಗೆ ಮುಟ್ಟಿಸುವುದಿಲ್ಲ.

ಅವಳು ತನ್ನ ಫೋನು ಎತ್ತಿಕೊಂಡಳು. ಡಿಪೋ ಬೀಟಿನಲ್ಲಿದ್ದ ಪೇದೆಯನ್ನು ಆ ಮನೆಗೆ ಓಡಿಸಿದಳು. ಲೈನಿನಲ್ಲೇ ಕಾದಳು. ಎರಡು ನಿಮಿಷ ಎರಡು ಗಂಟೆಯಂತೆ ಎಳೆಯಿತು.

"ಮೇಡಂ," ಪೇದೆ ಏದುಸಿರು ಬಿಡುತ್ತಿದ್ದ, "ಅವನು ಇಲ್ಲ. ಅವನ ಅಕ್ಕ ಅಳ್ತಾ ಕೂತಿದಾರೆ. ಕಾಲು ಗಂಟೆ ಹಿಂದೆ ಕಾರು ಬಂದಿತ್ತಂತೆ. ಠಾಣೆಯಿಂದ ಇನ್ಸ್‌ಪೆಕ್ಟರ್ ಮೇಡಂ ಕಳಿಸಿದ್ದು, ಬೇಗ ಬಾ ಅಂದ್ರಂತೆ. ನಿಮ್ಮ ಹೆಸರು ಕೇಳಿ ಅವನು ತಿಂಡಿ ಬಿಟ್ಟು ಎದ್ದು ಹೋದನಂತೆ."

"ಯಾರ ಕಾರು?"

"ಬಾಗಿಲ ಮೇಲೆ ಕಿವಿಯ ಚಿತ್ರ ಇತ್ತಂತೆ ಮೇಡಂ."

ಬಾಮೈದ ಎದ್ದು ನಿಂತ. "ಕಂಪನಿ ಕಾರು. ಅಕ್ಕನ ಡ್ರೈವರ್. ಅವಳು ಹೇಳಿದ್ರೆ ಅವನು ಪ್ರಶ್ನೆ ಕೇಳಲ್ಲ."

"ಎಲ್ಲಿಗೆ ಕರ್ಕೊಂಡು ಹೋಗಿರ್ತಾನೆ? ಯೋಚಿಸಿ!"

"ಹಳೇ ಕಾರ್ಖಾನೆ ಇರಬಹುದು. ಬೀಗ ಹಾಕಿ ವರ್ಷ ಆಯ್ತು. ಕೀಲಿ ಅವಳ ಹತ್ರನೇ..."

ಅವಳು ಪೇದೆಗೆ ವಿಳಾಸ ಹೇಳಿದಳು. ಎರಡನೇ ಜೀಪನ್ನೂ ಅತ್ತ ತಿರುಗಿಸಲು ಹೇಳಿದಳು. ಫೋನು ಜೇಬಿಗೆ ಇಳಿಸಿ ಬಾಗಿಲತ್ತ ಒಂದು ಹೆಜ್ಜೆ ಇಟ್ಟಳು.

ಅಷ್ಟರಲ್ಲಿ ಯಾರೋ ಅವಳ ಕಿವಿಯ ಪಕ್ಕದಲ್ಲೇ ಕೆಮ್ಮಿದರು.

ಅವಳು ಬೆಚ್ಚಿ ತಿರುಗಿದಳು. ಪಕ್ಕದಲ್ಲಿ ಯಾರೂ ಇರಲಿಲ್ಲ. ಬಾಮೈದ ಆರು ಅಡಿ ದೂರದಲ್ಲಿದ್ದ, ಅವನೂ ಸುತ್ತ ನೋಡುತ್ತಿದ್ದ. ಅವನಿಗೂ ಕೇಳಿಸಿತ್ತು.

"ಪುಟ್ಟಿ," ಎಂದಿತು ಗಾಳಿ. ಅಪ್ಪನ ದನಿ. ಮೆಲ್ಲನೆ, ಭುಜದ ಮೇಲೆ ಗದ್ದ ಊರಿ ಹೇಳಿದಷ್ಟು ಹತ್ತಿರ. "ಇಲ್ಲಿ ಬಂದು ನೋಡೇ. ಈ ಕುರ್ಚಿ ಪಕ್ಕ ಕಟಕಟೆ ಹತ್ರ ನಿಂತ್ರೆ ನೀನು ಆಡಿದ್ದೆಲ್ಲ ನನಗೆ ಕೇಳಿಸುತ್ತೆ. ನಿನ್ನ ಉಸಿರಾಟ ಕೂಡ. ನಾನು ಆಡೋದು ನಿನಗೂ ಕೇಳಿಸ್ತಾ?"

ಅವಳು ಬಾಲ್ಕನಿಯತ್ತ ನೋಡಿದಳು. ಎತ್ತರದಲ್ಲಿ, ಮೆಟ್ಟಿಲ ತಲೆಯಲ್ಲೇ, ಕಟಕಟೆಗೆ ಬೆನ್ನು ಒರಗಿಸಿ ಅಪ್ಪ ನಿಂತಿದ್ದರು. ಕತ್ತು ಮೇಲೆತ್ತಿ ಚಾವಣಿಯನ್ನು ನೋಡುತ್ತಿದ್ದರು. ಅವರ ಎರಡು ಮಾರು ಹಿಂದೆ ಕಂಬದ ಮರೆಯಿಂದ ಸೀರೆಯ ಅಂಚೊಂದು ಸರಿದು ಬಂತು.

"ಅಪ್ಪಾ, ಹಿಂದೆ ನೋಡು!"

ಕೂಗು ಕಮಾನಿನ ತುಂಬ ಒಡೆದು ಚೂರಾಗಿ ಎಲ್ಲ ಕಡೆಯಿಂದಲೂ ವಾಪಸ್ಸು ಬಂತು. ಅಪ್ಪ ಎರಡೂ ಕಿವಿ ಮುಚ್ಚಿಕೊಂಡರು.

ಅವಳು ಮೆಟ್ಟಿಲತ್ತ ಓಡಿದಳು. ನಲವತ್ತು ಅಡಿ. ನೆಲಹಾಸು ಅವಳ ಬೂಟಿನ ಸದ್ದನ್ನೆಲ್ಲ ನುಂಗಿತು. ಅರ್ಧ ದಾರಿ ದಾಟುವಷ್ಟರಲ್ಲಿ ಚಾವಣಿಯಿಂದ ಇನ್ನೊಂದು ದನಿ ಇಳಿಯಿತು. ಹೆಣ್ಣು ದನಿ. ಶಾಂತವಾಗಿತ್ತು, ಮನೆಗೆ ಬಂದವರನ್ನು ಉಪಚರಿಸುವಷ್ಟು ನಯವಾಗಿತ್ತು.

"ಹೌದು ಮೇಸ್ತ್ರಿಗಳೇ, ಚೆನ್ನಾಗಿ ಕೇಳಿಸುತ್ತೆ. ಆ ಹುಡುಗಿಯೂ ಸರಿಯಾಗಿ ಅಲ್ಲೇ ನಿಂತು ಇದೇ ಮಾತು ಹೇಳಿದ್ದಳು."